ನಾಲ್ಕನೇ ಫಾರಂ

ಹಾಳೆಯ ಅಂಚನ್ನು ಮೇಜಿನ ಅಂಚಿಗೆ ಸೇರಿಸಿ ಅರ್ಧಕ್ಕೆ ಮಡಿಸಬೇಕು. ಮರದ ಚಕ್ಕೆಯಿಂದ ಒಮ್ಮೆ ಒತ್ತಿ ಉಜ್ಜಬೇಕು. ತಿರುಗಿಸಿ ಇನ್ನೊಮ್ಮೆ ಮಡಿಸಬೇಕು. ಮೂರನೆಯ ಮಡಿಕೆ ಬೀಳುವ ಹೊತ್ತಿಗೆ ಟವೆಲ್ಲಿನಷ್ಟು ಅಗಲದ ಹಾಳೆ ಹದಿನಾರು ಪುಟಗಳ ಕಂತೆಯಾಗಿರುತ್ತದೆ. ಪ್ರೆಸ್ಸಿನಲ್ಲಿ ಅದಕ್ಕೆ ಫಾರಂ ಎನ್ನುತ್ತಾರೆ. ಬೆಳಿಗ್ಗೆಯಿಂದ ನಾವು ಐದು ಜನ ಹೆಂಗಸರು ಮೇಜಿನ ಸುತ್ತ ನಿಂತು ಮಡಿಸುತ್ತಿದ್ದೆವು. ಚಕ್ಕೆ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನನ್ನ ಕೈ ನಿಂತದ್ದು ನನಗೇ ಗೊತ್ತಾಗಲಿಲ್ಲ. ಯಜಮಾನರಿಗೆ ಗೊತ್ತಾಯಿತು.

"ಏನೇ, ಓದ್ತಾ ಇದ್ದೀಯಾ? ಏಳನೇ ಕ್ಲಾಸಿಗೆ ಮಣ್ಣು ಹಾಕಿ ಬಂದ ಮುಂಡೇದು, ಈಗ ಪಂಡಿತೆ ಆಗ್ತೀಯಾ? ಇಲ್ಲಿ ಕೈ ಓಡಬೇಕು. ಕಣ್ಣು ಓಡಿದ್ರೆ ಕಿತ್ತು ಗೋಂದಿನ ಡಬ್ಬಕ್ಕೆ ಹಾಕ್ತೀನಿ."

ತಲೆ ತಗ್ಗಿಸಿ ಮಡಿಸತೊಡಗಿದೆ. ಪಕ್ಕದಲ್ಲಿದ್ದ, ಪುಸ್ತಕ ಹೊಲಿಯುವ ದೊಡ್ಡಮ್ಮ ಮೇಜಿನ ಕೆಳಗೆ ನನ್ನ ಪಾದ ತುಳಿದಳು. ಸುಮ್ಮನಿರು ಎಂದರ್ಥ. ನಾನು ಯಾವಾಗಲೂ ಸುಮ್ಮನೆ ಇರುವವಳೇ. ಅವತ್ತು ಮಾತ್ರ ಅವಳಿಗೆ ತುಳಿಯಬೇಕು ಅನ್ನಿಸಿತು.

ಮಡಿಸುವವರು ಓದುವ ರೀತಿಯೇ ಬೇರೆ. ಹರಡಿದ ಹಾಳೆಯಲ್ಲಿ ನಲವತ್ತೊಂಬತ್ತನೆಯ ಪುಟದ ಪಕ್ಕ ಅರವತ್ತನಾಲ್ಕನೆಯದು ಇರುತ್ತದೆ, ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ. ಕಥೆಯಲ್ಲಿ ಸಾಯುವವನು ಬೆಳಿಗ್ಗೆ ಸಾಯುತ್ತಾನೆ, ಹುಟ್ಟುವುದು ಮಧ್ಯಾಹ್ನದ ಮೇಲೆ. ಹಾಗೆಯೇ ಚೂರು ಚೂರಾಗಿ ನಾನು ನಾಲ್ಕು ವರ್ಷ ಓದಿದ್ದೇನೆ. ಯಜಮಾನರು ಮಾತ್ರ ತಾವು ಅಚ್ಚು ಹಾಕಿದ ಒಂದು ಪುಸ್ತಕವನ್ನೂ ಓದಿದವರಲ್ಲ. ಮಸಿ ಸಮನಾಗಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ, ಅಷ್ಟೆ. ಮಿಠಾಯಿ ಮಾಡುವವನು ಮಿಠಾಯಿ ತಿನ್ನಲ್ಲ ಕಣ್ರಯ್ಯ ಎಂದು ಬಂದವರ ಮುಂದೆ ನಗುತ್ತಾರೆ.

ನಾವು ಮಡಿಸುತ್ತಿದ್ದದ್ದು ಕಥೆ ಬರೆಯಲು ಕಲಿಯುವವರಿಗೆ ಬುದ್ಧಿ ಹೇಳುವ ಪುಸ್ತಕ. ಬರೆದವರು ಹೆಸರಾದ ಕಥೆಗಾರರು. ಪ್ರತಿ ಭಾನುವಾರ ನಮ್ಮ ಪ್ರೆಸ್ಸಿನ ಮಹಡಿಯ ಕೋಣೆಯಲ್ಲಿ ಇಪ್ಪತ್ತು ಜನರನ್ನು ಕೂರಿಸಿಕೊಂಡು ಪಾಠ ಹೇಳುತ್ತಾರೆ. ಕುರ್ಚಿ ಹಾಕುವುದು, ನೀರು ಇಡುವುದು ನನ್ನ ಕೆಲಸ. ನನ್ನ ಕೈ ನಿಲ್ಲಿಸಿದ್ದು ನಾಲ್ಕನೇ ಫಾರಂನ ಐವತ್ತೇಳನೆಯ ಪುಟ. ಅದರಲ್ಲಿ ಹೀಗಿತ್ತು:

'ಒಂದು ಅಚ್ಚುಮನೆ. ಕಾಗದ ಕತ್ತರಿಸುವ ಯಂತ್ರಕ್ಕೆ ಆಚೆಗೊಂದು ಈಚೆಗೊಂದು ಹಿಡಿಕೆ. ಎರಡು ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಕೆಲಸ ಬೇಗ ಸಾಗಲೆಂದು ಮಾಲೀಕ ಒಂದು ಹಿಡಿಕೆಯನ್ನು ಹಗ್ಗ ಹಾಕಿ ಬಿಗಿಸಿದ್ದ. ಹುಡುಗಿಯೊಬ್ಬಳ ಮೂರು ಬೆರಳು ಹೋದವು. ಆ ಹಗ್ಗವನ್ನು ನಾನು ಕಣ್ಣಾರೆ ಕಂಡೆ. ಆದರೆ ಇದು ಬರೀ ಸುದ್ದಿ. ಇದನ್ನು ಕಥೆ ಮಾಡುವುದು ಹೇಗೆ? ಹಗ್ಗವನ್ನು ಬಿಚ್ಚಿಬಿಡಿ. ಹುಡುಗಿಗೆ ಒಬ್ಬ ಪ್ರಿಯಕರನನ್ನು ಕೊಡಿ. ಅಲಗು ಇಳಿಯುವಾಗ ಅವಳು ಕಿಟಕಿಯಾಚೆ ನೋಡುತ್ತಿರಲಿ.'

ಆ ಹುಡುಗಿ ನನ್ನ ಅಕ್ಕ. ಆ ಯಂತ್ರ ನನ್ನ ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿತ್ತು. ಆ ಗೋಡೆಗೆ ಕಿಟಕಿಯೇ ಇಲ್ಲ.

ಅಕ್ಕನ ಬೆರಳು ಹೋದ ಮೂರನೆಯ ದಿನ ಕಥೆಗಾರರು ಕೆಳಗೆ ಬಂದು ನಮ್ಮ ಜೊತೆ ನೆಲದ ಮೇಲೆ ಕೂತಿದ್ದರು. ದೊಡ್ಡಮ್ಮನ ಬಾಯಿಂದ ಎಲ್ಲ ಕೇಳಿಸಿಕೊಂಡರು. ಎದ್ದು ಹೋಗಿ ಹಗ್ಗದ ಗಂಟನ್ನು ಮುಟ್ಟಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು, ನಾನು ನೋಡಿದ್ದೇನೆ. ಮಾರನೆಯ ದಿನ ಯಜಮಾನರು ಹಗ್ಗ ಬಿಚ್ಚಿಸಿದರು. ಅದಕ್ಕೂ ಮೊದಲೇ ಆಸ್ಪತ್ರೆಯ ಕಾಗದದಲ್ಲಿ 'ಮನೆಯಲ್ಲಿ ಸೌದೆ ಸೀಳುವಾಗ' ಎಂದು ಬರೆಸಿ, ಔಷಧಿಯ ಮಂಪರಿನಲ್ಲಿದ್ದ ಅಕ್ಕನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ಆ ಹೆಬ್ಬೆಟ್ಟಿನ ಫಲವನ್ನು ನಾವು ಇನ್ನೂ ಅನುಭವಿಸುತ್ತಿದ್ದೆವು. ಅಂಗೈಯೊಳಗೆ ಮೂಳೆಯ ಚೂರು ಉಳಿದು ಕೀವು ಕಟ್ಟುತ್ತಿತ್ತು. ಬೇಗ ಕೊಯ್ದು ತೆಗೆಯದಿದ್ದರೆ ಮಣಿಕಟ್ಟಿನವರೆಗೂ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಕಾರ್ಮಿಕರ ಆಸ್ಪತ್ರೆಯಲ್ಲಿ ಕೊಯ್ಯುತ್ತಾರೆ. ಆದರೆ ಗಾಯ ಕೆಲಸದ ಜಾಗದಲ್ಲೇ ಆದದ್ದು ಎಂದು ಕಾರ್ಮಿಕರ ಕಚೇರಿ ಬರೆದುಕೊಡಬೇಕು. ಆರು ತಿಂಗಳೊಳಗೆ ಕೇಳದಿದ್ದರೆ ಆಮೇಲೆ ಕೇಳುವ ಹಾಗಿಲ್ಲ. ಬರುವ ಸೋಮವಾರಕ್ಕೆ ಆರು ತಿಂಗಳು.

ಮಸಿ ಹರಡಿ ಕೆಟ್ಟ ಹಾಳೆಗಳನ್ನು ಒಲೆ ಹಚ್ಚಲಿಕ್ಕೆ ಎಂದು ನಾವು ಮನೆಗೆ ಒಯ್ಯುವುದುಂಟು. ಅವತ್ತು ಮಸಿ ಹರಡದ ಒಂದು ನಾಲ್ಕನೇ ಫಾರಂ ಕೂಡ ನನ್ನ ಊಟದ ಚೀಲ ಸೇರಿತು.

ಅಕ್ಕ ಓದಿ ಮೊದಲು ನಕ್ಕಳು.

"ನನಗೇ ಗೊತ್ತಿಲ್ದೆ ಒಬ್ಬ ಇದ್ನಾ? ನೋಡೋಕೆ ಹೇಗಿದಾನಂತೆ, ಬರೆದಿಲ್ವಾ?"

ಆಮೇಲೆ ಹಗ್ಗದ ಸಾಲಿಗೆ ಹಿಂದಿರುಗಿ ಎಡಗೈ ಬೆರಳಿಟ್ಟು ಒಂದೊಂದೇ ಪದ ಓದಿದಳು. ನಗು ಹೋಯಿತು.

"ಇದನ್ನ ಆ ಬೋಳಿಮಗನೇ ಅಚ್ಚು ಹಾಕಿದಾನಾ? ಅವನ ಮೆಷೀನಲ್ಲೇ?"

ಹೌದು ಎಂದೆ. ರಾತ್ರಿ ಊಟಕ್ಕೆ ಕೂತಾಗಲೂ ಅವಳು ಫಾರಂ ಅನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಶುಕ್ರವಾರ ಹೊಟ್ಟೆನೋವೆಂದು ಸುಳ್ಳು ಹೇಳಿ ಕಾರ್ಮಿಕರ ಕಚೇರಿಗೆ ಹೋದೆ. ಗುಮಾಸ್ತರು ಈ ಹಿಂದೆ ಎರಡು ಸಲ ನನ್ನನ್ನು ಅಟ್ಟಿದ್ದರು. ನೀನು ಹೇಳೋದು ಒಳ್ಳೆ ಕಥೆ ಕಣಮ್ಮ, ಸಾಕ್ಷಿ ಎಲ್ಲಿ ಎಂದಿದ್ದರು. ದೊಡ್ಡಮ್ಮ ಸಾಕ್ಷಿ ಹೇಳಲು ಹೆದರಿದಳು. ಅವಳ ಮಗ, ಸೊಸೆ ಇಬ್ಬರೂ ಯಜಮಾನರ ಕೈಕೆಳಗೇ ಇದ್ದಾರೆ. ಈ ಸಲ ಗುಮಾಸ್ತರು ಕನ್ನಡಕ ಏರಿಸಿ ಪುಟವನ್ನು ಎರಡು ಬಾರಿ ಓದಿದರು. ಕಣ್ಣಾರೆ ಕಂಡೆ ಎಂಬಲ್ಲಿ ಪೆನ್ನಿನ ತುದಿಯಿಂದ ತಟ್ಟಿದರು. ಯಾವ ಪ್ರೆಸ್ಸು ಎಂದು ಇದರಲ್ಲಿಲ್ಲವಲ್ಲ ಎಂದರು. ಬರೆದವರು ಇಂಥ ಪ್ರೆಸ್ಸು ಎಂದು ಒಂದು ಸಾಲು ಬರೆದು ಸಹಿ ಮಾಡಿದರೆ ತೆಗೆದುಕೊಳ್ಳುವೆ ಎಂದರು. ಅವರಾಗದಿದ್ದರೆ ಅವರ ಬಾಯಿಂದ ಕೇಳಿದ ಬೇರೆ ಯಾರಾದರೂ ಆದೀತು, ಓದುಬರಹ ಬಲ್ಲ ಮರ್ಯಾದಸ್ಥರಾಗಿದ್ದರೆ ಸಾಕು.

"ಸೋಮವಾರ ಐದು ಗಂಟೆ. ಐದೂ ಒಂದಕ್ಕೆ ಬಂದ್ರೆ ನಾನೂ ಏನೂ ಮಾಡೋ ಹಾಗಿಲ್ಲ."

ಶನಿವಾರ ಪುಸ್ತಕ ನೋಡಲು ಕಥೆಗಾರರು ಬಂದರು. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯಲು ಶುರುವಾಗಿತ್ತು. ಅವರು ಹೊಲಿದ ಒಂದು ಪ್ರತಿ ಎತ್ತಿಕೊಂಡು, ನಿಮ್ಮ ಪ್ರೆಸ್ಸಿಗೂ ಇದರಲ್ಲಿ ಜಾಗ ಕೊಟ್ಟಿದ್ದೀನಿ ಎಂದು ನಗುತ್ತಾ ಯಜಮಾನರಿಗೆ ಐವತ್ತೇಳನೆಯ ಪುಟವನ್ನೇ ತೆಗೆದುಕೊಟ್ಟರು. ಸಂತೋಷಪಡುತ್ತಾರೆ ಎಂದು ಅಂದುಕೊಂಡಿದ್ದರೋ ಏನೋ. ಯಜಮಾನರು ಮೊದಲ ಸಲ ಒಂದು ಪುಸ್ತಕ ಓದಿದರು. ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ.

"ಸ್ವಾಮಿ, ಇದೇನಿದು?"

ಕಥೆಗಾರರು ಪುಸ್ತಕ ತಿರುಗಿಸಿ ನೋಡಿದರು. ಬೆವರು ಒರೆಸಿಕೊಂಡರು. ಅದು ಬರೀ ಒಂದು ಉದಾಹರಣೆ, ಬೇಡವೆಂದರೆ ಬದಲಾಯಿಸಬಹುದು ಎಂದರು. ಪ್ರೆಸ್ಸಿನ ಬದಲು ಮರದ ಮಿಲ್ಲು ಎಂದು ಮಾಡೋಣ, ಅಥವಾ ಆ ಪ್ಯಾರಾವನ್ನೇ ಎತ್ತಿಬಿಡೋಣ. ಬರೆಯುವವನಿಗೆ ತನ್ನದನ್ನು ತಾನೇ ಕತ್ತರಿಸುವ ಧೈರ್ಯ ಬೇಕು, ಅದನ್ನು ಮೂರನೆಯ ಅಧ್ಯಾಯದಲ್ಲಿ ನಾನೇ ಹೇಳಿದ್ದೇನೆ ಎಂದರು. ಇಷ್ಟನ್ನೂ ಅವರು ಕತ್ತರಿಸುವ ಯಂತ್ರಕ್ಕೆ ಒರಗಿ ನಿಂತೇ ಹೇಳಿದರು.

ಯಜಮಾನರು ನಮ್ಮ ಕಡೆ ತಿರುಗಿದರು. ನಾಲ್ಕನೇ ಫಾರಂ ಅಷ್ಟನ್ನೂ ತೆಗೆದು ಹರಿಯಬೇಕು, ಹೊಲಿದದ್ದನ್ನೂ ಬಿಚ್ಚಬೇಕು.

"ಒಂದು ಚೂರು ಮನೆಗೆ ಹೋಯ್ತೋ, ಆ ಮನೆಯೋರಿಗೆ ಇಲ್ಲಿ ಅನ್ನ ಇಲ್ಲ. ತಿಳೀತೇನ್ರೇ?"

ಎರಡು ದಿನ ಮಡಿಸಿದ್ದನ್ನು ಸಂಜೆಯವರೆಗೆ ಹರಿದೆವು. ಮಡಿಸುವುದಕ್ಕಿಂತ ಹರಿಯುವುದು ಕಷ್ಟ, ಹೆಬ್ಬೆರಳಿನ ಚರ್ಮ ಸುಲಿಯುತ್ತದೆ. ದೊಡ್ಡಮ್ಮ ಹರಿಯುತ್ತಾ ಹರಿಯುತ್ತಾ, ಯಾರ ಮುಖವನ್ನೂ ನೋಡದೆ, ನಿನ್ನ ಹತ್ತಿರ ಒಂದಿದೆಯಲ್ಲ ಎಂದು ಕೇಳಿದಳು. ನಾನು ಮುಂದಿನ ಫಾರಂ ಎತ್ತಿಕೊಂಡೆ. ಹಾಳಾಗಿ ಹೋಗಲಿ, ಬಚ್ಚಿಡು ಎಂದಳು.

ಭಾನುವಾರ ಎಂದಿನಂತೆ ಇಪ್ಪತ್ತು ಕುರ್ಚಿ ಹಾಕಿದೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನ ಮೇಡಂ, ವಕೀಲರ ಹೆಂಡತಿ, ಕಾಲೇಜಿನ ಹುಡುಗರು, ಎಲ್ಲರೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತು ನೋಟುಪುಸ್ತಕ ತೆರೆದರು. ಯಜಮಾನರೂ ಅವತ್ತು ಬಂದು ಬಾಗಿಲ ಹತ್ತಿರ ಕೂತರು. ಅವತ್ತಿನ ಪಾಠ ಪುಸ್ತಕ ಮಾರುವ ವಿಷಯ. ಹೆಸರು ಮೂರು ಪದ ಮೀರಬಾರದು, ಮುಖಪುಟದಲ್ಲಿ ಅಳುವ ಹೆಣ್ಣಿದ್ದರೆ ಪ್ರತಿ ಬೇಗ ಹೋಗುತ್ತದೆ ಎಂದರು ಕಥೆಗಾರರು. ಒಂದು ಪತ್ರಿಕೆ ವಾಪಸು ಕಳಿಸಿದ ಕಥೆಯನ್ನು ಹೆಸರು ಬದಲಿಸಿ ಅಲ್ಲಿಗೇ ಕಳಿಸಿದೆ, ಪ್ರಕಟವಾಯಿತು ಎಂದು ಮೇಷ್ಟ್ರು ಹೇಳಿದಾಗ ಎಲ್ಲರೂ ನಕ್ಕರು. ಪ್ರಕಾಶಕನ ಜೊತೆ ಹೇಗಿರಬೇಕು ಎಂದು ಬ್ಯಾಂಕಿನ ಮೇಡಂ ಕೇಳಿದರು.

"ಅತ್ತೆ ಮನೇಲಿ ಇದ್ದ ಹಾಗೆ ಇರಬೇಕು ಮೇಡಂ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ರೆ ಬೀರು ಕೀಲಿ ತಾನಾಗೇ ಸೊಂಟಕ್ಕೆ ಬರುತ್ತೆ."

ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ನೀರಿನ ಲೋಟಗಳನ್ನು ಹಂಚುತ್ತಿದ್ದೆ. ಕಥೆಗಾರರು ನನ್ನನ್ನು ತಡೆದು, ಒಂದು ನಿಮಿಷ ನಿಲ್ಲು ಮಗಳೇ, ಕೈ ತೋರಿಸು ಎಂದರು. ಲೋಟದ ತಟ್ಟೆಯನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟು ನನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿಸಿದರು. ಬರೆಯುವವರು ಮೊದಲು ನೋಡುವುದನ್ನು ಕಲಿಯಬೇಕು. ಈ ಕೈಗಳ ಬಗ್ಗೆ ಎಲ್ಲರೂ ಎರಡು ಸಾಲು ಬರೆಯಿರಿ, ದುಡಿಮೆ ಎಂಬ ಪದ ಬರಬಾರದು, ಐದು ನಿಮಿಷ ಎಂದರು. ಇಪ್ಪತ್ತು ಜನ ನನ್ನ ಕೈ ನೋಡಿದರು. ಕೆಲವರು ಎದ್ದು ಹತ್ತಿರ ಬಂದರು. ವಕೀಲರ ಹೆಂಡತಿ ಸುಲಿದ ಹೆಬ್ಬೆರಳು ಕಂಡು ಅಯ್ಯೋ ಪಾಪ ಎಂದು ಬರೆಯಲು ಹೋದರು. ಕೋಣೆಯ ತುಂಬ ಪೆನ್ನಿನ ಸದ್ದು. ನಾನು ಕೈ ಚಾಚಿ ನಿಂತಿದ್ದೆ. ಬೇಡುವವರು ಹಾಗೆ ನಿಲ್ಲುತ್ತಾರೆ.

ಮೊದಲು ಮೇಷ್ಟ್ರು ಓದಿದರು. ಬಾಡಿದ ಎಲೆ ಎಂದೇನೋ ಇತ್ತು. ಚಪ್ಪಾಳೆ ತಟ್ಟಿದರು. ಎರಡನೆಯವರು ಓದಲು ಏಳುವ ಮೊದಲು ನಾನು ಒಂದು ಕೈ ಹಿಂದಕ್ಕೆ ತೆಗೆದು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫಾರಂ ಅನ್ನು ಎಳೆದೆ. ಕಥೆಗಾರರ ಮುಂದಿಟ್ಟು, ಇದು ಈ ಪ್ರೆಸ್ಸು ಎಂದು ಬರೆದು ಸಹಿ ಹಾಕಿ ಎಂದೆ. ಅಕ್ಕನ ಕೈ, ಮೂಳೆಯ ಚೂರು, ಸೋಮವಾರ ಐದು ಗಂಟೆ, ಎಲ್ಲವನ್ನೂ ಹೇಳಿದೆ. ಹಿಂದುಮುಂದಾಗಿ ಹೇಳಿರಬೇಕು.

ಕಥೆಗಾರರು ಫಾರಂ ಅನ್ನು ಮುಟ್ಟಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದರು.

"ನೋಡು ಮಗಳೇ, ಬರೆಯೋನು ಸಾಕ್ಷಿ ಹೇಳೋಕೆ ಹೋದ್ರೆ ಬರೆಯೋನಾಗಿ ಉಳಿಯಲ್ಲ. ಅದು ನಾನು ಕಲ್ಪಿಸಿಕೊಂಡದ್ದು. ನೀನು ಹೇಳ್ತಿರೋದು ಅರ್ಜಿ, ನಂದು ಕಥೆ."

"ಹಗ್ಗ ಮುಟ್ಟಿ ನೋಡಿದ್ರಿ. ಅತ್ತಿದ್ರಿ."

"ಏಯ್," ಎಂದು ಯಜಮಾನರು ಎದ್ದರು. "ಕೆಳಗೆ ನಡಿ. ನಾಳೆಯಿಂದ ಬರಬೇಡ. ನಡಿಯೇ."

ಅವರು ನನ್ನ ತೋಳು ಹಿಡಿದರು. ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. ಹೋದ ಭಾನುವಾರ ಯಜಮಾನರು ಇಲ್ಲದಾಗ ಇದೇ ಕೋಣೆಯಲ್ಲಿ ಕಥೆಗಾರರು ದನಿ ತಗ್ಗಿಸಿ, ಬೆರಳು ಹೋದದ್ದು ಇಲ್ಲೇ ಕೆಳಗಿನ ಮೆಷೀನಿನಲ್ಲಿ, ನಮ್ಮೊಳಗೇ ಇರಲಿ ಎಂದಿದ್ದರು. ಇಪ್ಪತ್ತು ಜನವೂ ಅದನ್ನು ಬರೆದುಕೊಂಡಿದ್ದರು. ನಾನು ಅವತ್ತೂ ನೀರು ಹಂಚುತ್ತಿದ್ದೆ. ನಾನು ಕೂತವರ ಕಡೆ ತಿರುಗಿ ಅದನ್ನೇ ಹೇಳಿದೆ.

"ನಿಮ್ಮ ನೋಟುಪುಸ್ತಕದಲ್ಲಿ ಇದೆ. ಯಾರಾದ್ರೂ ಒಬ್ಬರು ಬರೆದುಕೊಡಿ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಕಾಲೇಜಿನ ಹುಡುಗನೊಬ್ಬ ಹಿಂದಿನ ಪುಟಗಳನ್ನು ತಿರುವಿ, ಏನೋ ಕಂಡು, ಪುಸ್ತಕ ಮಡಚಿದ. ಬ್ಯಾಂಕಿನ ಮೇಡಂ ಪರ್ಸು ತೆಗೆದು ಒಂದು ನೋಟು ಹಿಡಿದರು. ನಾನು ತಲೆ ಅಲ್ಲಾಡಿಸಿದೆ. ವಕೀಲರ ಹೆಂಡತಿ ತಲೆ ಎತ್ತದೆ ಬೇಗ ಬೇಗ ಬರೆಯುತ್ತಿದ್ದರು. ನನಗೆ ಉಸಿರು ಬಂದಂತಾಯಿತು. ಬಗ್ಗಿ ನೋಡಿದೆ. ನನ್ನ ಬಗ್ಗೆಯೇ ಬರೆಯುತ್ತಿದ್ದರು: ಮೇಜು ಹಿಡಿದುಕೊಂಡಿದ್ದು, ದನಿ ನಡುಗಿದ್ದು.

ಯಜಮಾನರ ಹಿಡಿತ ಬಿಗಿಯಾಯಿತು. ನಾನು ಇನ್ನೊಂದು ಕೈಯಿಂದ ಫಾರಂ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ.

"ಒಂದೇ ಸಾಲು ಸಾಕು," ಎಂದೆ. "ಕೆಳಗೆ ನಿಮ್ಮ ಹೆಸರು ಹಾಕಿ."