ತೊಂಬತ್ತು ಡಿಗ್ರಿಯ ಕಣಜ

ಮೂರನೆಯ ಸ್ಯಾಂಪಲ್ ಶರ್ಟನ್ನೂ ಕೌಂಟರಿನ ಮೇಲೆ ಎಸೆದೆ. ಅದರ ಎದೆಯ ಮೇಲೆ ಅಚ್ಚಾಗಿದ್ದ ಹಳದಿ ಕಣಜದ ಎಡರೆಕ್ಕೆ ಪೂರ್ತಿ ಬಿರುಕು ಬಿಟ್ಟಿತ್ತು.

“ಯಾವ ನೀರಲ್ಲಿ ಒಗೆದ್ರಮ್ಮಾ ಇದನ್ನ?” ಅಂದ ಪ್ರಿಂಟಿಂಗ್ ಅಂಗಡಿಯವನು.

“ತೊಂಬತ್ತು ಡಿಗ್ರಿ. ಬ್ಲೀಚ್ ಹಾಕಿ.”

“ಇದು ಟೀ ಶರ್ಟು. ಆಪರೇಷನ್ ಬಟ್ಟೆ ಅಲ್ಲ.”

ಅದನ್ನು ದೊಡ್ಡಕ್ಕನಿಗೆ ಹೇಳುವವರು ಯಾರು? ಆಸ್ಪತ್ರೆಯ ಲಾಂಡ್ರಿಯಲ್ಲಿ ನಾವು ಒಂಬತ್ತು ಹೆಂಗಸರು. ಇಪ್ಪತ್ತಾರು ವರ್ಷದಿಂದ ಅಲ್ಲಿರುವ ದೊಡ್ಡಕ್ಕನೇ ನಮಗೆಲ್ಲ ಮೇಲಿನವಳು. ದೊಡ್ಡ ಮೆಷಿನ್ನಿನೊಳಗೆ ಹೋಗಿ ಬರದ ಬಟ್ಟೆ ಅವಳ ಲೆಕ್ಕದಲ್ಲಿ ಬಟ್ಟೆಯೇ ಅಲ್ಲ. ಸ್ಟಿಕ್ಕರ್ ಪ್ರಿಂಟ್ ಮೊದಲ ಒಗೆತಕ್ಕೇ ಬಾಳೆಸಿಪ್ಪೆಯಂತೆ ಸುಲಿದು ಬಂತು. ಬಟ್ಟೆಯ ಮೇಲೆ ನೇರವಾಗಿ ಶಾಯಿ ಚಿಮುಕಿಸುವ ಡಿಜಿಟಲ್ ಪ್ರಿಂಟ್ ಬ್ಲೀಚಿಗೆ ಬಿಳಿಚಿಕೊಂಡಿತು. ಈಗ ಸ್ಕ್ರೀನ್ ಪ್ರಿಂಟಿನ ಗತಿಯೂ ಇದೇ. ಪ್ರತಿ ಸಲವೂ ದೊಡ್ಡಕ್ಕ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, “ಫೇಲು” ಎಂದು ಒದ್ದೆ ಶರ್ಟನ್ನು ನನ್ನ ಹೆಗಲಿಗೆ ಹಾಕುತ್ತಿದ್ದಳು.

ಭಾನುವಾರ ನರ್ಸುಗಳ ಜೊತೆ ವಾಲಿಬಾಲ್ ಪಂದ್ಯ. ಹೋದ ವರ್ಷ ಕೆಲಸದ ಅಂಗಿಯಲ್ಲೇ ಆಡಿದ್ದೆವು, ಬೆನ್ನ ಮೇಲೆ ‘ಆಸ್ಪತ್ರೆಯ ಸ್ವತ್ತು’ ಎಂಬ ಕಪ್ಪು ಮುದ್ರೆ. “ಬೆಡ್‌ಶೀಟ್‌ಗಳು ಬಂದ್ವು!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು, ನಮ್ಮವರೂ. ಈ ವರ್ಷ ನಮ್ಮ ತಂಡದ ಶರ್ಟಿಗೆಂದು ಹನ್ನೊಂದು ಕಾಗದ ಹರಿದು ಈ ಕಣಜವನ್ನು ಬರೆದವಳು ನಾನು. ಮತ್ತೆ ಆ ಮುದ್ರೆ ಹೊತ್ತು ಆಡುವುದು ನನ್ನಿಂದಾಗದು.

“ನೋಡಿ, ಇರೋದ್ರಲ್ಲಿ ಸ್ಕ್ರೀನೇ ಗಟ್ಟಿ,” ಅಂದ ಅವನು. “ತಣ್ಣೀರಲ್ಲಿ ಒಗೆದ್ರೆ ನಿಮ್ಮ ಮೊಮ್ಮಕ್ಕಳೂ ಹಾಕ್ಕೋಬಹುದು. ಬೇಯಿಸ್ತೀವಿ ಅಂದ್ರೆ ನನ್ನ ಹತ್ರ ಮದ್ದಿಲ್ಲ. ಈಗ್ಲೇ ಹೇಳದಿದ್ರೆ ಶನಿವಾರಕ್ಕೆ ಆಗಲ್ಲ.”

“ಸ್ಕ್ರೀನೇ ಮಾಡಿ.”

“ನಿಮ್ಮ ದೊಡ್ಡಕ್ಕ?”

“ಅವರಿಗೆ ನಾನು ಹೇಳ್ಕೋತೀನಿ.”

ಹೇಳಿದ್ದೇನೆಂದರೆ, ಇದು ಹೊಸ ಶಾಯಿ, ತೊಂಬತ್ತು ಡಿಗ್ರಿಗೂ ಜಗ್ಗುವುದಿಲ್ಲ, ಅಂಗಡಿಯವನು ನನ್ನ ಕಣ್ಣೆದುರೇ ಒಗೆದು ತೋರಿಸಿದ. ದೊಡ್ಡಕ್ಕ ಹುಬ್ಬೇರಿಸಿ, “ಅಂತೂ ಬುದ್ಧಿ ಬಂತು ಅವನಿಗೆ,” ಅಂದಳು.

ಶನಿವಾರ ಮಧ್ಯಾಹ್ನ ಪೆಟ್ಟಿಗೆ ಬಂತು. ಒಬ್ಬಳು ಶರ್ಟನ್ನು ಎದೆಗೆ ಹಿಡಿದು, “ಹತ್ರ ಬರ್ಬೇಡ್ರೇ, ಕಚ್ಚುತ್ತೆ!” ಎಂದು ಕುಣಿದಳು. ಅಷ್ಟರಲ್ಲಿ ವಾರ್ಡಿನಿಂದ ಮಾಸಿದ ಬಟ್ಟೆಯ ಗಾಡಿ ಬಂತು, ಅದನ್ನು ಇಳಿಸಿಕೊಳ್ಳಲು ಹೋದೆ. ಮರಳಿ ಬಂದಾಗ ಪೆಟ್ಟಿಗೆ ಖಾಲಿ.

“ಶರ್ಟುಗಳೆಲ್ಲಿ ಅಕ್ಕಾ?”

“ಮೆಷಿನ್ನಲ್ಲಿ. ಅಂಗಡಿ ಧೂಳು, ಯಾರ್ಯಾರ ಕೈಯೋ. ಹಾಗೇ ಮೈಗೆ ಹಾಕ್ಕೋತಾರೇನೇ?”

“ನಿಲ್ಸಕ್ಕಾ!”

“ಬಾಗಿಲು ಲಾಕ್ ಆಗಿದೆ. ಐವತ್ತೈದು ನಿಮಿಷ. ಯಾಕೆ, ಜಗ್ಗಲ್ಲ ಅಂದ್ಯಲ್ಲ?”

ಮೆಷಿನ್ನಿನ ಸದ್ದಿಗೆ ನಾನು ಕೂಗಿಯೇ ಹೇಳಬೇಕಾಯಿತು. “ಸುಳ್ಳು ಹೇಳ್ದೆ! ಅವನು ಏನೂ ಒಗೆದು ತೋರಿಸ್ಲಿಲ್ಲ!”

ಮಡಚುವ ಮೇಜಿನ ಬಳಿ ಏಳು ಜೊತೆ ಕೈಗಳು ನಿಂತವು. ದೊಡ್ಡಕ್ಕ ಕೆಂಪು ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಡ್ರಮ್ಮು ನಿಂತಿತು, ಬಾಗಿಲು ತೆರೆಯಲಿಲ್ಲ. ಬಿಸಿನೀರು ಇಳಿಯುವ ತನಕ ಅದು ತೆರೆಯುವುದಿಲ್ಲ. ಅಷ್ಟು ಹೊತ್ತೂ ಶರ್ಟುಗಳು ಅದರಲ್ಲೇ ಬೇಯುತ್ತವೆ. ನಾವಿಬ್ಬರೂ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತೆವು. ನೊರೆಯ ನಡುವೆ ಹಳದಿ ಚೂರೊಂದು ಬಂದು ಗಾಜಿಗೆ ಅಂಟಿಕೊಂಡಿತು. ಉಗುರಿನಿಂದ ಕೆರೆದೆ. ಅದು ಇದ್ದದ್ದು ಒಳಗಡೆ.

“ಫೇಲು,” ಅಂದೆ, ಅವಳು ಅನ್ನುವ ಮುಂಚೆ.

“ಸುಮ್ನಿರೇ. ಒಂಬತ್ತರಲ್ಲಿ ಒಂದಾದ್ರೂ ಉಳಿಯುತ್ತೆ. ಅದನ್ನ ನೀನೇ ಹಾಕ್ಕೋ.”

“ಒಬ್ಳೇ ಹಾಕ್ಕೊಂಡು ಏನ್ ಮಾಡ್ಲಕ್ಕಾ?”

ಅವಳು ಬಾಗಿಲಿನ ಹಿಡಿ ಹಿಡಿದು ಇನ್ನೊಮ್ಮೆ ಎಳೆದಳು.