ಟರ್ಬೋ ಮೇಲೆ ಲೋಟದ ಗುರುತು

ಮರಾಠಿ ಸೀಮೆಯ ನಿಗಡಿಯಲ್ಲಿದ್ದ ಕಾಂತಪ್ಪನವರ ಹೋಟೆಲಿನಲ್ಲಿ ಗುರುತಿಲ್ಲದ ಚಮಚ ಕೂಡ ಇರಲಿಲ್ಲ. ಲೋಟ, ತಟ್ಟೆ, ಸಾಂಬಾರಿನ ಸೌಟು, ಎಲ್ಲದರ ಮೇಲೂ ಒಂದು ಸುತ್ತು, ಸುತ್ತಿನೊಳಗೆ ‘ಕಾಂ’. ಪಾತ್ರೆಗೆ ಹೆಸರು ಕೆತ್ತುವ ಕರೆಂಟಿನ ಪೆನ್ನನ್ನು ಅವರ ಹೆಂಡತಿ ಪಂಕಜಾಕ್ಷಿ ದೇವರ ಕಪಾಟಿನಲ್ಲೇ ಇಟ್ಟಿದ್ದರು. ‘ಗುರುತಿಲ್ಲದ್ದು ಊರವರದ್ದು’ ಎಂಬುದು ಅವರ ಮಾತು. ಮಗಳು ತನುಶ್ರೀ ಅದನ್ನು ಕೇಳುತ್ತಲೇ ಬೆಳೆದವಳು. ಅನುಮಾನ ಅವಳಿಗೆ ತಾಯಿಯ ಹಾಲಿನ ಜೊತೆಗೇ ಬಂದಿತ್ತು ಅನ್ನಿ.

ಈ ತನುಶ್ರೀಗೆ ಕಾರಿನ ಹುಚ್ಚು. ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ, ತೂಕ ಆರುನೂರು ಕಿಲೋ. ಹೋಟೆಲಿನ ಗಲ್ಲೆಯಿಂದ ಬಿಡುವು ಸಿಕ್ಕಾಗಲೆಲ್ಲ ಓಡಿಹೋಗಿ, ಕೈ ಕಪ್ಪು ಮಾಡಿಕೊಂಡು ನಾಲ್ಕು ವರ್ಷ ಕಟ್ಟಿದ ಕಾರು ಅದು. ಕಟ್ಟಲು ಕಲಿಸಿದವನು ಹಿಂದಿನ ಗಲ್ಲಿಯ ಗ್ಯಾರೇಜಿನ ಮಲಕಪ್ಪ, ವಿಜಯಪುರದ ಕಡೆಯ ಮೇಸ್ತ್ರಿ. ಹನ್ನೆರಡು ವರ್ಷದವಳಿದ್ದಾಗ ಅವಳ ಕೈಗೆ ನಟ್ಟು ಬಿಚ್ಚುವ ಮೊದಲ ಪಾನಾ ಕೊಟ್ಟವನೂ ಅವನೇ. ಹೋಟೆಲಿನಿಂದ ಅವನಿಗೆ ದಿನಾ ಚಹಾ ಹೋಗುತ್ತಿತ್ತು. ಸಂಜೆ ಅವನು ಲೋಟವನ್ನು ತೊಳೆದು ತಾನೇ ತಂದು ಗಲ್ಲೆಯ ಮೇಲಿಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಂದು ಲೋಟವೂ ತಪ್ಪಿದ್ದಿಲ್ಲ.

ಬರುವ ಭಾನುವಾರ ಹಳೆಯ ವಿಮಾನಪಟ್ಟಿಯ ಮೇಲೆ ಕಾರುಗಳ ಓಟವಿತ್ತು. ಅದಕ್ಕೆಂದೇ ಕಾರಿಗೆ ಟರ್ಬೋ ಕೂರಿಸುವ ಏರ್ಪಾಟು. ಟರ್ಬೋ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ ಎಂಜಿನ್ನಿನೊಳಗೆ ಗಾಳಿ ತುರುಕುವ ಪುಟ್ಟ ಫ್ಯಾನು. ಅದು ಸರಿಯಿದ್ದರೆ ಕಾರು ಕುದುರೆ. ಕೆಟ್ಟದ್ದಿದ್ದರೆ ನಡು ಓಟದಲ್ಲಿ ಎಂಜಿನ್ ಒಡೆದು ನಾಲ್ಕು ವರ್ಷದ ದುಡಿತ ನೀರಿನಲ್ಲಿ ಹೋಮ, ಮೇಲೆ ಜೀವಕ್ಕೂ ಕುತ್ತು. ಮಲಕಪ್ಪ ಪಕ್ಕದಲ್ಲಿ ನಿಲ್ಲದೆ ತನುಶ್ರೀ ಒಂದು ಓಟಕ್ಕೂ ಇಳಿದವಳಲ್ಲ.

ಕಾರಿನ ಬಿಡಿಭಾಗ ಮಾರುವ ಸುಹಾಸ ಚಾಕಣದಿಂದ ಟರ್ಬೋ ಕಿಟ್ ತಂದು ಅವಳ ಕೈಗೆ ಕೊಟ್ಟ. ಅದೇ ಮಧ್ಯಾಹ್ನ ಊಟಕ್ಕೆ ಕೂತ ಗಿರಾಕಿಗಳಿಬ್ಬರು ಮಾತಾಡಿಕೊಳ್ಳುತ್ತಿದ್ದರು: ಕೆಲವು ಗ್ಯಾರೇಜಿನವರು ಮೇಲಿನ ಕವಚ ಹಾಗೇ ಬಿಟ್ಟು ಒಳಗಿನ ಹೊಸ ಸಾಮಾನು ಎಗರಿಸಿ ಹಳೆಯದನ್ನು ಕೂರಿಸುತ್ತಾರಂತೆ. ತನುಶ್ರೀ ಎದ್ದವಳೇ ದೇವರ ಕಪಾಟಿನಿಂದ ಪೆನ್ನು ತಂದಳು. ಟರ್ಬೋ ಬಾಯಿಯೊಳಗೆ ಕೈ ಹಾಕಿ, ಫ್ಯಾನಿನ ಒಂದು ಎಸಳಿನ ಮೇಲೆ ‘ಕಾಂ’ ಕೆತ್ತಿದಳು. ಮಲಕಪ್ಪಣ್ಣನ ಮೇಲೆ ಅನುಮಾನವೇ? ಛೆ, ಇಲ್ಲಪ್ಪ. ಸುಮ್ಮನೆ, ಇರಲಿ ಅಂತ.

ಇರಲಿ ಅಂತ ಇಟ್ಟ ಅನುಮಾನ ಸುಮ್ಮನಿರುತ್ತದೆಯೇ? ಸೋಮವಾರ ಟರ್ಬೋ ಮಲಕಪ್ಪನ ಕೈಗೆ ಹೋಗಿ ಕೆಲಸ ಶುರುವಾಯಿತು. ಮಂಗಳವಾರ ಹೋದರೆ ಶಟರ್ ಅರ್ಧ ಇಳಿದಿತ್ತು. “ನಾಳೆ ಬಾ ತಂಗಿ, ಇನ್ನಾ ಕೆಲಸ ಅದ” ಎಂದ ಮಲಕಪ್ಪ, ಮುಖ ನೋಡದೆ. ಬುಧವಾರವೂ ಅದೇ ರಾಗ. ಎಂದೂ ಅವಳನ್ನು ಹೊರಗೆ ನಿಲ್ಲಿಸದವನು ಈಗ ಬಾಗಿಲಿಗೆ ಅಡ್ಡ ನಿಂತು ಮಾತಾಡುತ್ತಿದ್ದ. ಗುರುವಾರ ಅವಳು ಗಲ್ಲಿಯ ತಿರುವಿನಲ್ಲಿದ್ದಾಗಲೇ ಅವನ ಫೋನಿನ ಮಾತು ಕಿವಿಗೆ ಬಿತ್ತು. “ಸುಹಾಸ, ದುಸರಾ ಬಸವಲಾ. ತಿಲಾ ಸಾಂಗೂ ನಕೋ.” ಬೇರೆಯದು ಕೂರಿಸಿದೆ, ಅವಳಿಗೆ ಹೇಳಬೇಡ. ನಿಗಡಿಯಲ್ಲಿ ಹುಟ್ಟಿದವಳಿಗೆ ಇಷ್ಟು ಮರಾಠಿ ತಿಳಿಯದೇ? ಅವಳು ಅಲ್ಲಿಂದಲೇ ಹಿಂದಿರುಗಿದಳು.

ಶುಕ್ರವಾರ ಗಾಡಿ ತಯಾರಾಗಿದೆ ಎಂದು ಮಲಕಪ್ಪ ಹೇಳಿಕಳಿಸಿದ. ಅವಳೇ ಚಹಾ ಹಿಡಿದು ಹೋದಳು. ಅವನು ಲೋಟ ಬಾಯಿಗಿಡುವಷ್ಟರಲ್ಲಿ ಗಾಳಿಯ ಪೈಪು ಕಳಚಿ ಮೊಬೈಲಿನ ಬೆಳಕು ಬಿಟ್ಟಳು. ಎಸಳೆಲ್ಲ ಫಳಫಳ. ಗುರುತಿನ ಸುಳಿವೇ ಇಲ್ಲ.

“ಅಣ್ಣಾ, ಇದು ನನ್ನ ಫ್ಯಾನ್ ಅಲ್ಲ.”

“ಅಲ್ಲ” ಎಂದ ಮಲಕಪ್ಪ.

ನಿನ್ನದೇ ಎಂದು ವಾದಿಸಿದ್ದರೆ ಅವಳಿಗೆ ಸುಲಭವಿತ್ತು. “ನೀವೂ ಸುಹಾಸನೂ ಸೇರಿ ಎಂತ ಮಾಡಿದ್ದು? ನಾನು ಗುರುತು ಹಾಕಿಯೇ ಕೊಟ್ಟದ್ದು, ಗೊತ್ತುಂಟಾ ನಿಮಗೆ?”

“ಗೊತ್ತದವಾ.”

ಅವನು ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದು ಅವಳ ಮುಂದೆ ಬಿಚ್ಚಿದ. ಒಳಗೆ ಅವಳ ಫ್ಯಾನು. ಎಸಳಿನ ತುದಿಗಳು ಇಲಿ ಕಡಿದ ಹಾಗೆ ತಿಂದುಹೋಗಿದ್ದವು. ‘ಕಾಂ’ ಇದ್ದ ಎಸಳು ಅರ್ಧಕ್ಕೆ ಸೀಳಿತ್ತು.

“ಸೋಮವಾರ ಚಾಲೂ ಮಾಡಿ ನೋಡಿದೆ. ಕಿರಚಿಕೊಂಡ್ತು” ಎಂದ. “ಮಿನಿಟಿಗೆ ಲಕ್ಷ ಸುತ್ತ ತಿರಗೂ ಸಾಮಾನ ಇದು. ಒಂದ ಎಸಳಿಗೆ ಇಷ್ಟ ಗೀರ ಬಿದ್ದರೂ ತೂಕ ತಪ್ಪತದ. ಓಟದಾಗ ಆಗಿದ್ದರ ಚೂರೆಲ್ಲಾ ಎಂಜಿನದಾಗ ಹೋಗತಿತ್ತು. ಅದಕ್ಕ ಸುಹಾಸನ ಕಡೆ ಹೊಸಾದ ತರಿಸಿ ಹಾಕೀನಿ. ಗಾಡಿ ಈಗ ಭಾಳ ಚಲೋ ಅದ.”

ಕಳ್ಳರನ್ನು ಹಿಡಿಯಲು ಹಾಕಿದ ಗುರುತೇ ಫ್ಯಾನನ್ನು ಕದ್ದಿತ್ತು. “ಮತ್ತೆ ನನಗೆ ಹೇಳಬೇಡ ಅಂತ ಯಾಕೆ ಹೇಳಿದ್ರಿ?”

“ನಿನಗ ಹೇಳಿದರ, ಗುರುತ ಯಾಕ ಹಾಕಿದಿ ಅಂತ ಕೇಳಬೇಕಾಗತಿತ್ತು. ಕೇಳಾಕ ನನಗ ಮನಸ ಬರಲಿಲ್ಲ.”

“ನಿಮ್ಮ ಮೇಲೆ ಅಲ್ಲ ಅಣ್ಣಾ. ಸುಹಾಸನ ಮೇಲೆ…”

“ಸುಹಾಸ ನಿನ್ನ ಕೈಯಾಗ ಕೊಟ್ಟ. ಆಮ್ಯಾಲೆ ಗುರುತ ಹಾಕಿ ನೀ ನನ್ನ ಕೈಯಾಗ ಕೊಟ್ಟಿ” ಎಂದ ಮಲಕಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅವಳು ಪೈಪನ್ನು ಮತ್ತೆ ಕೂರಿಸತೊಡಗಿದಳು. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಬೇರೆ ದಿನವಾಗಿದ್ದರೆ ಅವನು ಎತ್ತಿಕೊಟ್ಟು ನಗೆಚಾಟಿಕೆ ಮಾಡುತ್ತಿದ್ದ.

“ಭಾನುವಾರ ಬರ್ತೀರಲ್ಲ?” ಎಂದು ಕೇಳಿದಳು, ತಲೆ ಎತ್ತದೆ.

“ಸುಹಾಸ ಬರ್ತಾನ. ಅವಗ ಎಲ್ಲಾ ತಿಳಿತದ.”

ಮಲಕಪ್ಪ ಚಹಾ ಕುಡಿದು ಮುಗಿಸಿದ. ನಲ್ಲಿಗೆ ಹೋಗಿ ಲೋಟ ತೊಳೆದು, ಅಂಗಿಯ ತುದಿಯಿಂದ ಒರೆಸಿ, ಸಂಜೆಯವರೆಗೆ ಕಾಯದೆ ಅಲ್ಲೇ ಅವಳ ಕೈಗಿಟ್ಟ.

“ತಗೋ ತಂಗಿ” ಎಂದ. “ಗುರುತ ನೋಡಿಕೋ. ನಿಮ್ಮದ ಅದ.”