ಸಂಚಿಯೊಳಗಿನ ಫೋನು

ಹೆಂಡತಿ ಸಾವಕ್ಕನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಬೆಳಿಗ್ಗೆ ಮಸ್ಕತ್ತಿನಿಂದ ಬಸವಪ್ರಭುವಿನ ಫೋನು ಬಂತು. ನಾನು ಆಗಷ್ಟೇ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಿದ್ದೆ. ನಲವತ್ತಾರು ವರ್ಷ ಪಕ್ಕದಲ್ಲಿ ಕುಳಿತು ಪೂಜೆ ಮಾಡಿದವಳ ಮಣೆ ಖಾಲಿ ಇತ್ತು. ಅದನ್ನು ಎತ್ತಿಡಬೇಕೋ ಬೇಡವೋ ತಿಳಿಯದೆ ನೋಡುತ್ತಿದ್ದೆ.

"ಕಾಕಾ, ಹೆಂಗದೀರಿ?" ಎಂದವನು ಅಳತೊಡಗಿದ. ರಜೆ ಸಿಗಲಿಲ್ಲವೆಂದ. ಚಿಗವ್ವನ ಕೈಯ ರೊಟ್ಟಿ, ಪುಂಡಿಪಲ್ಯ ನೆನೆದ. ನನ್ನ ಕಣ್ಣೂ ತುಂಬಿದವು. ಅವನು ಸಾವಕ್ಕನ ಅಕ್ಕನ ಮಗ. ನಮಗೆ ಮಕ್ಕಳಿಲ್ಲ. ಕಾಲೇಜು ಓದುವಾಗ ಎರಡು ವರ್ಷ ಹಳೇ ಹುಬ್ಬಳ್ಳಿಯ ನಮ್ಮ ಈ ಎರಡು ಖೋಲಿಯ ಮನೆಯಲ್ಲಿಯೇ ಇದ್ದ. ಒಳಖೋಲಿಯನ್ನು ಅವನಿಗೆ ಬಿಟ್ಟು ನಾವು ಅಡುಗೆಯ ಕಡೆ ಮಲಗುತ್ತಿದ್ದೆವು.

ಅವನು ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. ಆಮೇಲೆ ಬೇರೆಯೇ ದನಿಯಲ್ಲಿ ಅಂದ: "ಕಾಕಾ, ಒಂದ್ ಸಣ್ಣ ಕೆಲಸ ಇತ್ರಿ. ಚಿಗವ್ವನ ಫೋನ್ ಕೈಯಾಗ ಹಿಡಕೋರಿ. ಈಗ ಅದಕ್ಕೊಂದು ನಂಬರ ಬರ್ತೈತಿ. ಓದಿ ಹೇಳಿಬಿಡ್ರಿ."

ಆ ನಂಬರಿನ ಸಂಗತಿ ಹೇಳಬೇಕು. ಬಸವಪ್ರಭು ನವನಗರದಲ್ಲಿ ಮನೆ ಕಟ್ಟಿಸಿ ಹನ್ನೊಂದು ವರ್ಷವಾಯಿತು. ಕೆಳಗೊಂದು, ಮೇಲೊಂದು ಬಾಡಿಗೆಯ ಸಂಸಾರ. ಹೊರದೇಶದಲ್ಲಿರುವವನ ಹೆಸರಿಗೆ ಬಾಡಿಗೆ ಬಂದರೆ ತೆರಿಗೆ ಮುರಿದುಕೊಳ್ಳುತ್ತಾರೆಂದು ಅವನು ಸಾವಕ್ಕನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆಸಿದ. ಬಾಡಿಗೆ ಅದಕ್ಕೆ ಜಮಾ ಆಗುತ್ತಿತ್ತು. ಅವನು ಅಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಹಣ ಆಡಿಸುತ್ತಿದ್ದ. ಪ್ರತಿ ಸಲವೂ ಸಾವಕ್ಕನ ಗುಂಡಿಯ ಫೋನಿಗೆ ಆರು ಅಂಕಿಯ ನಂಬರು ಬರಬೇಕು, ಅವಳು ಅದನ್ನು ಓದಿ ಹೇಳಬೇಕು. ಮೂರನೆಯ ಇಯತ್ತೆ ಓದಿದವಳು. ಕನ್ನಡಕ ಹಾಕಿಕೊಂಡು, "ನಾಕು... ಸೊನ್ನಿ... ಏಳು..." ಎಂದು ಒಂದೊಂದಾಗಿ ಹೇಳುವಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಾ ಹೇಳೂತನಾ ಮಸ್ಕತ್ತಿನ್ಯಾಗ ಏನೂ ನಡಿಯಂಗಿಲ್ಲ ನೋಡ್ರಿ" ಎಂದು ನಗುವಳು.

ಬಿಲ್ಲುಗಳೂ ಅವಳವೇ. ತಿಂಗಳಿಗೆ ಮೂರು ನಾಲ್ಕು ಸಲ ಬಸ್ಸು ಹತ್ತಿ ನವನಗರಕ್ಕೆ ಹೋಗಿ, ಮೀಟರಿನ ಪೆಟ್ಟಿಗೆಗೆ ಸಿಕ್ಕಿಸಿದ ಬಿಲ್ಲು ತಂದು, ಆ ಖಾತೆಯಿಂದ ಅಷ್ಟೇ ಹಣ ತೆಗೆದು, ಸಾಲಿನಲ್ಲಿ ನಿಂತು ತುಂಬುತ್ತಿದ್ದಳು. ಮೊಬೈಲಿನಲ್ಲೇ ತುಂಬಬಹುದೆಂದರೆ ಅವಳಿಗೆ ನಂಬಿಕೆ ಇರಲಿಲ್ಲ. ಕೈಯಲ್ಲಿ ರಸೀದಿ ಬೇಕು. ನಮ್ಮ ಮನೆಯ ಬಿಲ್ಲು ಎರಡು ದಿನ ತಡವಾದರೆ ನಡೆಯುತ್ತಿತ್ತು, ಆ ಮನೆಯದು ತಡವಾಗಬಾರದು. ರಸೀದಿಗಳನ್ನು ಗೋಡೆಯ ಮೊಳೆಗೆ ನೇತುಹಾಕಿದ ತಂತಿಗೆ ಚುಚ್ಚಿಡುವಳು. ಹನ್ನೊಂದು ವರ್ಷಕ್ಕೆ ಅಂಥ ತಂತಿಗಳು ಏಳಾಗಿದ್ದವು.

ಮೊದಲಲ್ಲಿ ನಾನು ಒಮ್ಮೆ ಕೇಳಿದ್ದೆ: "ತೆರಿಗಿ ತಪ್ಪಸಾಕ ನಿನ್ನ ಹೆಸರು ಯಾಕ ಬೇಕು ಅವಗ?"

"ನಮ್ಮ ಹುಡುಗ ಅಲ್ಲೇನ್ರಿ?" ಎಂದಳು. ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು ನಾನು. ಪರರ ತಪ್ಪಿಗೆ ಗೆರೆ ಎಳೆಯುವುದೇ ನನ್ನ ಕೆಲಸವಾಗಿತ್ತು. ಇದಕ್ಕೆ ಎಳೆಯಲಿಲ್ಲ.

ಫೋನು ಹುಡುಕಿದೆ. ಗೂಡಿನಲ್ಲಿ ಇಲ್ಲ, ಹಾಸಿಗೆಯಲ್ಲಿ ಇಲ್ಲ. ನನ್ನ ತಂಗಿ ಕಾಳವ್ವ ಬಂದು ಉಳಿದಿದ್ದಳು. ಅವಳು ಟ್ರಂಕು ತೆಗೆದು ನೋಡಿದಳು. ಕೊನೆಗೆ ನನ್ನ ಫೋನಿನಿಂದ ಸಾವಕ್ಕನ ನಂಬರಿಗೆ ಕರೆ ಮಾಡಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗೆ ಇದ್ದಾರೆಂದು ಒಂದು ಹೆಣ್ಣುದನಿ ಹೇಳಿತು.

ಕಾಳವ್ವ ಟ್ರಂಕಿನ ಮುಂದೆ ಹಾಗೇ ಕುಕ್ಕರಿಸಿದಳು. "ಅಣ್ಣಾ, ಫೋನ್ ವೈನಿ ಎಲ್ಲಿ ಇಡತಿದ್ಲು?"

"ಎಲ್ಲಿ ಇಡತಿದ್ಲು? ಎಲಿಅಡಕಿ ಸಂಚ್ಯಾಗ."

"ಸಂಚಿ ನಾನs ಉಡ್ಯಾಗ ಇಟ್ಟೆ," ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ನನಗೆ ನೆನಪಾಯಿತು. ಅಯ್ಯನವರು ಸಾವಕ್ಕನ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಕಟ್ಟಿದ್ದರು. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ. ಕುಳಿತ ಅವಳನ್ನು ಕುಣಿಗೆ ಇಳಿಸಿ ಬಿಲ್ವಪತ್ರೆ ಸುರಿಯುವಾಗ ಕಾಳವ್ವ ಆ ಸಂಚಿಯನ್ನು ಮುಂದೆ ಚಾಚಿ, "ಎಲಿಅಡಕಿ ಇಲ್ಲದ ನಮ್ಮ ವೈನಿ ಒಂದು ಗಳಿಗಿ ಇರಾಂಗಿಲ್ರಿ" ಎಂದಿದ್ದಳು. ಅಯ್ಯನವರು ಇಡಿರಿ ಎಂದರು. ಬಿಚ್ಚಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಸವಪ್ರಭುವಿಗೆ ಹೇಳಿದೆ. ಮತ್ತೆ ಅಳುತ್ತಾನೆಂದು ತಿಳಿದೆ. ಅವನು ಅಂದದ್ದು ಇಷ್ಟು: "ಸಿಮ್ ಇನ್ನೊಂದು ತಗೀಲಿಕ್ಕೆ ಬರ್ತೈತಿ. ಶರೀಫಸಾಬರ ಅಂಗಡಿಗೆ ಹೋಗ್ರಿ. ಚಿಗವ್ವ ತೀರಿಕೊಂಡದ್ದು ಮಾತ್ರ ಹೇಳಬ್ಯಾಡ್ರಿ."

ಶರೀಫಸಾಬರ ಮೊಬೈಲ್ ಅಂಗಡಿ ನಮ್ಮ ಓಣಿಯ ತುದಿಯಲ್ಲಿದೆ. ಸಾವಕ್ಕನಿಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಅವರಿಗೆ ನಾನು ಏನು ಮುಚ್ಚಿಡಲಿ? ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಕ್ಕಾರದs ಹೆಬ್ಬೆಟ್ಟು ಬೇಕಾಗ್ತೈತ್ರಿ ಅಣ್ಣಾರ, ಮಶೀನಿನ ಮ್ಯಾಲೆ," ಎಂದು ಅವರು ತಲೆ ತಗ್ಗಿಸಿದರು. "ಇಂಥಾ ಕೆಲಸಕ್ಕ ನಿಮ್ಮನ್ನ ಯಾರು ಕಳಿಸ್ಯಾರ? ಹೋಗಿ ಮಲಕ್ಕೋರಿ ಸುಮ್ನ."

ಸಂಜೆ ಬಸವಪ್ರಭು ಮತ್ತೆ ಕರೆ ಮಾಡಿದ. ಶರೀಫಸಾಬರು ಅಂದದ್ದನ್ನು ಹೇಳಿದೆ. ಮರಣದ ದಾಖಲೆ ಮಾಡಿಸಿ ಬ್ಯಾಂಕಿಗೆ ಕೊಟ್ಟರೆ, ನಾಮಿನಿಯೆಂದು ನನ್ನ ಹೆಸರಿದೆ, ಹಣ ನನ್ನ ಖಾತೆಗೆ ಬರುತ್ತದೆ, ಅದನ್ನು ಹಾಗೆಯೇ ಕಳಿಸುತ್ತೇನೆ, ಹದಿನೈದು ಇಪ್ಪತ್ತು ದಿನ ತಡೆ ಎಂದೆ.

"ನಿಮ್ಮ ಖಾತೆಗೆ ಬರ್ತೈತಿ," ಎಂದು ಅವನು ನನ್ನ ಮಾತನ್ನೇ ನನಗೆ ಹೇಳಿದ. ಆಮೇಲೆ, "ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಇನ್ನೂ ಮೂರs ದಿನ ಆಗೇತಿ. ಮಣ್ಣು ಸಡ್ಲ ಇರ್ತೈತಿ. ಬೆಳಿಗ್ಗೆ ಲಗೂನ ಹೋಗಿ ಸಂಚಿ ಒಂದು ತಗೊಂಡು ಮತ್ತ ಮುಚ್ಚಿದ್ರ ಆತು. ಚಿಗವ್ವಗೇನು ಗೊತ್ತಾಗೂದೈತಿ?"

ನಾನು ಫೋನನ್ನು ಕಟ್ಟೆಯ ಮೇಲಿಟ್ಟು ಬಚ್ಚಲಿಗೆ ಹೋಗಿ ಕೈಕಾಲು ತೊಳೆದೆ. ಕಾಳವ್ವ ನೀರು ಹಾಕಿದಳು. ತಿರುಗಿ ಬಂದಾಗಲೂ ಫೋನಿನೊಳಗಿಂದ "ಕಾಕಾ, ಕಾಕಾ, ಕೇಳಸ್ತೈತೇನ್ರಿ?" ಎನ್ನುತ್ತಿತ್ತು. ಕೆಂಪು ಗುಂಡಿ ಒತ್ತಿದೆ.

ಮರುದಿನ ಬೆಳಗಾಗುತ್ತಲೇ ವಿಭೂತಿ ಧರಿಸಿ ರುದ್ರಭೂಮಿಗೆ ನಡೆದೆ. ಹೋಗಲೇಬೇಕು ಎಂದು ಮನಸ್ಸು ಹೇಳುತ್ತಿತ್ತು. ಗೇಟಿನ ಬಳಿ ಒಂದು ಕಾರು ನಿಂತಿತ್ತು. ಒಳಗೆ ಸಾವಕ್ಕನನ್ನು ಮಣ್ಣು ಮಾಡಿದ ಗದ್ದುಗೆಯಿಂದ ಹತ್ತು ಮಾರು ದೂರದ ಸಿಮೆಂಟಿನ ಕಟ್ಟೆಯ ಮೇಲೆ ಬಸವಪ್ರಭುವಿನ ಹೆಂಡತಿಯ ತಮ್ಮ ಪ್ರಸಾದ ಕುಳಿತು, ಕಾಗದದ ಪೊಟ್ಟಣ ಬಿಚ್ಚಿ ಮಿರ್ಚಿ ಭಜಿ ತಿನ್ನುತ್ತಿದ್ದ. ದೇಶಪಾಂಡೆ ನಗರದಲ್ಲಿ ಅವನದೊಂದು ಕಚೇರಿ, ಸೈಟು ಕೊಡಿಸುವ ವ್ಯವಹಾರ. ಮಣ್ಣಿಗೂ ಬಂದಿದ್ದ, ದೊಡ್ಡ ಹಾರ ತಂದಿದ್ದ. ಕಾವಲಿನ ಹನುಮಂತಪ್ಪ ಸಲಿಕೆಯ ಮೇಲೆ ಕೈಯೂರಿ ದೂರ ನಿಂತಿದ್ದ.

"ಬರ್ರಿ ಕಾಕಾ," ಎಂದು ಪ್ರಸಾದ ಎದ್ದು ಎಣ್ಣೆಗೈಯನ್ನು ಪೊಟ್ಟಣಕ್ಕೆ ಒರೆಸಿದ. "ನೀವು ಯಾಕ ತ್ರಾಸ ತಗೊಂಡ್ರಿ? ನಾವs ಮುಗಿಸಿ ಮನಿಗೆ ಬರಾವ್ರಿದ್ದಿವಿ. ಭಜಿ ತಗೋರಿ, ಬಿಸಿ ಅದಾವ."

ನಾನು ಹನುಮಂತಪ್ಪನ ಕಡೆ ನೋಡಿದೆ.

"ನಾ ಒಲ್ಲೆ ಅಂದೇನ್ರಿ ಯಜಮಾನ್ರ," ಎಂದ ಅವನು. "ಎರಡು ಸಾವಿರ ಕಿಸೇದಾಗ ತುರುಕ್ಯಾರ. ಮನಿಯವರದು ಒಪ್ಪಿಗಿ ಐತಿ ಅಂದ್ರು. ನೀವು ಬಂದು ಹೇಳೂತನಾ ಸಲಿಕಿ ಹಾಕಂಗಿಲ್ಲ ಅಂತ ನಿಂತೇನಿ."

"ನನ್ನ ಒಪ್ಪಿಗಿ ಇಲ್ಲ," ಎಂದೆ.

ಹನುಮಂತಪ್ಪ ಸಲಿಕೆ ಬಿಸಾಕಿ, ಕಿಸೆಯಿಂದ ನೋಟು ತೆಗೆದು ಭಜಿಯ ಪೊಟ್ಟಣದ ಪಕ್ಕದಲ್ಲಿಟ್ಟು ಹೋದ.

ನಾನು ಗದ್ದುಗೆಯ ಬಳಿ ಕುಳಿತೆ. ಬಿಲ್ವಪತ್ರೆ ಬಾಡಿತ್ತು. ಒಳಗೆ ಅವಳು ಕೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತಿದ್ದಾಳೆ. ಪೂಜೆಗೆ ಕುಳಿತವರನ್ನು ಮಾತಾಡಿಸಬಾರದೆಂದು ನಮ್ಮಲ್ಲಿ ಮಗುವಿಗೂ ಹೇಳಿಕೊಡುತ್ತಾರೆ. ಬಸವಪ್ರಭುವಿಗೂ ಅವಳೇ ಹೇಳಿಕೊಟ್ಟಿದ್ದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ," ಎಂದು ಪ್ರಸಾದ ಪಕ್ಕಕ್ಕೆ ಬಂದ. "ಬಸವಪ್ರಭು ಮಾವಾರದೂ ಒಂದು ಹೆದರಿಕಿ ಇರ್ತೈತಿ. ಒಂಬತ್ತು ಲಕ್ಷದ ಮಾತು. ಕಾಗದಪತ್ರದ ಪ್ರಕಾರ ಅದು ಕಾಕೂರದು, ಈಗ ನಿಮ್ಮದು. ನಾಳೆ ನೀವು ಇಲ್ಲಂದ್ರ ನಾವು ಯಾರನ್ನ ಕೇಳೂಣು? ಬ್ಯಾಡ, ಕುಣಿ ತಗಿಯೂದು ಬ್ಯಾಡ. ನನಗೂ ಮನಸಿಲ್ಲ. ಇದರ ಮ್ಯಾಲೊಂದು ಸಹಿ ಮಾಡಿಬಿಡ್ರಿ. ಆಮ್ಯಾಲೆ ಬ್ಯಾಂಕಿನ ದಾರಿ ಹಿಡದು ನಿಧಾನಕ ಮಾಡ್ರಿ."

ಕಾರಿನಿಂದ ಪ್ಲಾಸ್ಟಿಕ್ಕಿನ ಫೈಲು ತಂದು ಒಂದು ಬಾಂಡ್ ಪೇಪರ್ ತೆಗೆದ. ಖಾತೆಯ ಹಣವೆಲ್ಲ ಬಸವಪ್ರಭುವಿನದು, ನನಗಾಗಲಿ ನನ್ನ ವಾರಸುದಾರರಿಗಾಗಲಿ ಅದರಲ್ಲಿ ಯಾವ ಹಕ್ಕೂ ಇಲ್ಲ ಎಂದು ಟೈಪು ಮಾಡಿತ್ತು. ಕೆಳಗೆ ನನ್ನ ಹೆಸರು, ವಯಸ್ಸು, ವಿಳಾಸ. ಎಲ್ಲ ಸರಿಯಾಗಿತ್ತು.

ಕರಡು ತಿದ್ದಿದ ಕಣ್ಣು ಕಾಗದದ ಮೂಲೆಮೂಲೆಗೂ ಹೋಗುತ್ತದೆ. ಬಾಂಡು ಖರೀದಿಸಿದ ತಾರೀಖು, ಹೊತ್ತು ಮೇಲೆ ಅಚ್ಚಾಗಿತ್ತು. ಸಾವಕ್ಕ ಹೋದ ದಿನದ್ದೇ ತಾರೀಖು. ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

ಅವಳ ಜೀವ ಹೋದದ್ದು ಬೆಳಗಿನ ಆರಕ್ಕೆ. ಮಣ್ಣಾದದ್ದು ಸಂಜೆ ನಾಲ್ಕಕ್ಕೆ. ಹನ್ನೊಂದೂ ಇಪ್ಪತ್ತಕ್ಕೆ ಅವಳನ್ನು ಇನ್ನೂ ಪಡಸಾಲೆಯ ಗೋಡೆಗೆ ಕೂಡ್ರಿಸಿದ್ದೆವು, ಓಣಿಯ ಹೆಂಗಸರು ಕಾಲಿಗೆ ಬೀಳುತ್ತಿದ್ದರು. ಆಗ ಫೋನು ಎಲ್ಲಿದೆಯೆಂಬ ಪ್ರಶ್ನೆಯೇ ಯಾರಿಗೂ ಇರಲಿಲ್ಲ. ಹಾರಕ್ಕಿಂತ ಮೊದಲು ಇವರು ಬಾಂಡು ತಂದಿದ್ದರು.

"ಇದನ್ನ ಯಾವಾಗ ತಗೊಂಡಿ ಪ್ರಸಾದ?" ಎಂದೆ.

ಅವನು ನನ್ನ ಬೆರಳಿದ್ದ ಕಡೆ ನೋಡಿದ. ಮುಖ ಕೆಂಪಾಯಿತು. "ಮಾವಾರು ಅವತ್ತs ಫೋನ್ ಮಾಡಿ ಹೇಳಿದ್ರು, ಬೇಕಾಗ್ತೈತಿ ಅಂತ..." ಎಂದ.

ಬಯ್ಯಬಹುದಿತ್ತು. ಕಾಗದ ಹರಿದು ಅವನ ಮುಖಕ್ಕೆ ಎಸೆಯಬಹುದಿತ್ತು. ಆದರೆ ನಾನು ಮನೆಗೆ ಹೋದ ಮೇಲೆ ಇವನು ಇನ್ನೊಬ್ಬ ಹನುಮಂತಪ್ಪನನ್ನು ಹುಡುಕಿಯಾನು ಎಂಬ ಹೆದರಿಕೆ ಇತ್ತು. ಹಗಲೂ ಇರುಳೂ ಕಾಯಲು ನನ್ನಿಂದ ಆಗದು. ಅವಳ ಮೇಲಿನ ಮಣ್ಣು ಹಾಗೇ ಇರಬೇಕಾಗಿತ್ತು, ಅಷ್ಟೇ. ಪೆನ್ನು ಕೇಳಿದೆ. ಅವನು ಕೊಟ್ಟ ಪೆನ್ನಿಗೆ ಎಣ್ಣೆ ಹತ್ತಿತ್ತು. ಸಹಿ ಮಾಡಿದೆ.

ಮರುದಿನವೇ ಮರಣದ ದಾಖಲೆಗೆ ಅರ್ಜಿ ಕೊಟ್ಟೆ. ಬ್ಯಾಂಕಿನವರು ಮರ್ಯಾದೆಯಿಂದಲೇ ಕೆಲಸ ಮಾಡಿಕೊಟ್ಟರು. ಕೌಂಟರಿನಲ್ಲಿದ್ದ ಹೆಣ್ಣುಮಗಳು, "ಅಜ್ಜಿ ಎಷ್ಟು ಜೋಪಾನ ಮಾಡ್ಯಾರ್ರಿ" ಎಂದಳು. ಹೌದವ್ವಾ ಎಂದೆ. ಮತ್ತೇನು ಹೇಳಲಿ? ಇಪ್ಪತ್ತೆರಡನೆಯ ದಿನ ಹಣ ನನ್ನ ಖಾತೆಗೆ ಬಂತು. ಅದು ಅಲ್ಲಿದ್ದ ಒಂದು ರಾತ್ರಿ ಮನೆಯಲ್ಲಿ ಏನೋ ಸತ್ತು ನಾರುತ್ತಿರುವಂತೆ ಅನ್ನಿಸಿತು. ಬೆಳಿಗ್ಗೆಯೇ ಚೆಕ್ಕು ಬರೆದು, ಏಳು ತಂತಿಯ ರಸೀದಿಗಳನ್ನೂ ನವನಗರದ ಬೀಗದ ಕೈಗಳನ್ನೂ ಚೀಲಕ್ಕೆ ತುಂಬಿಕೊಂಡು ದೇಶಪಾಂಡೆ ನಗರಕ್ಕೆ ಹೋದೆ.

ಪ್ರಸಾದ ವಿಡಿಯೊ ಕರೆ ಹಚ್ಚಿ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದ. ಬಸವಪ್ರಭು, ಅವನ ಹೆಂಡತಿ ಭಾಗ್ಯಶ್ರೀ ಇಬ್ಬರೂ ಕಂಡರು.

"ಕಾಕಾ, ಕೈ ಯಾಕ ಬಿಡಾಕತ್ತೀರಿ?" ಎಂದಳು ಭಾಗ್ಯಶ್ರೀ. "ನೀವs ನೋಡ್ಕೋರಿ ಮನೀನ. ಬ್ಯಾರೆದವರನ್ನ ಹೆಂಗ ನಂಬೂದ್ರಿ?"

ಚೆಕ್ಕು ಇಟ್ಟೆ. ಕೀಲಿಕೈ ಇಟ್ಟೆ. ಪ್ರಸಾದ ಸಾವಕ್ಕನ ಖಾತೆಯ ಪಾಸ್‌ಬುಕ್ಕು ಹಿಡಿದು ಕೊನೆಯ ವರ್ಷದ ತಂತಿಯ ರಸೀದಿಗಳನ್ನು ಒಂದೊಂದಾಗಿ ತಾಳೆ ನೋಡಿದ. ಸಾವಕ್ಕ ಪ್ರತಿಯೊಂದರ ಮೂಲೆಗೂ ಒಂದು ಬೊಟ್ಟು ವಿಭೂತಿ ಹಚ್ಚುತ್ತಿದ್ದಳು. ಅವನ ಬೆರಳು ಬೆಳ್ಳಗಾದವು. ಪ್ಯಾಂಟಿಗೆ ಒರೆಸಿಕೊಂಡ.

"ಕಾಕಾ, ಕಡೀ ತಿಂಗಳ ನೀರಿನ ಬಿಲ್ಲಿಗೆ ಅಂತ ರೊಕ್ಕ ತಗದಾರ. ಇನ್ನೂರಾ ಹದಿನಾಲ್ಕು. ರಸೀದಿ ಇಲ್ಲಲ್ಲ?"

ಸಾಯುವ ಹಿಂದಿನ ದಿನ ಅವಳು ಬಿಸಿಲಿನಲ್ಲಿ ಸಾಲು ನಿಂತು ತುಂಬಿಬಂದ ಬಿಲ್ಲು ಅದು. ಎದೆ ನೋಯುತ್ತದೆ ಎಂದು ಮನೆಗೆ ಬಂದು ಕುಳಿತವಳು ತಂತಿಗೆ ಚುಚ್ಚಿರಲಿಲ್ಲ.

"ಅದು ಸಂಚ್ಯಾಗ ಐತಿ," ಎಂದೆ.

ಫೋನಿನೊಳಗೆ ಬಸವಪ್ರಭು ತಲೆ ತಗ್ಗಿಸಿದ. ಈಗಲಾದರೂ ಏನಾದರೂ ಅಂದಾನೆಂದು ನಾನು ಕಾದೆ. ಅವನು, "ಇರ್ಲಿ ಬಿಡೋ ಪ್ರಸಾದ, ತುಂಬಿದ್ದು ಖರೇನೋ ಸುಳ್ಳೋ ಅಂತ ಆಫೀಸಿನ್ಯಾಗ ಕೇಳಿದ್ರ ಆತು" ಎಂದ.

ನಾನು ಕಿಸೆಯಿಂದ ಇನ್ನೂರಾ ಹದಿನಾಲ್ಕು ರೂಪಾಯಿ ತೆಗೆದು ಚೆಕ್ಕಿನ ಮೇಲಿಟ್ಟೆ. ನೋಟಿನ ಮೇಲೆ ಚಿಲ್ಲರೆ ಇಟ್ಟೆ. ಯಾರೂ ಬೇಡವೆನ್ನಲಿಲ್ಲ. ಪ್ರಸಾದ ಅದನ್ನು ಎಣಿಸಿ ಫೈಲಿನೊಳಗೆ ಹಾಕಿದ.

ಮನೆಗೆ ಬಂದು ಸ್ನಾನ ಮಾಡಿದೆ. ಸಾವಕ್ಕನ ಮಣೆಯನ್ನು ಎತ್ತಿಡದೆ ಅಲ್ಲಿಯೇ ಬಿಟ್ಟು, ಅದರ ಪಕ್ಕದಲ್ಲಿ ಕುಳಿತು ಅಂಗೈಗೆ ಲಿಂಗವನ್ನು ತೆಗೆದುಕೊಂಡೆ. ಹೊರಗೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಕಾಳವ್ವ ಬಾಗಿಲಲ್ಲಿ ನಿಂತು, "ಅಣ್ಣಾ, ಮಸ್ಕತ್ತಿನಿಂದ," ಎಂದು ಮೆಲ್ಲಗೆ ಹೇಳಿದಳು.

ನಾನು ಕಣ್ಣು ತೆರೆಯಲಿಲ್ಲ.

"ಪೂಜೆಗೆ ಕುಂತಾರ," ಎಂದು ಅವಳು ಫೋನಿಗೆ ಹೇಳಿದ್ದು ಕೇಳಿಸಿತು. "ಇಬ್ಬರೂ ಕುಂತಾರ."